ಮಾತ್ರೆ ಸಿಗುವ ಮೊದಲಿನ ಐದು ವಾರ: ಶ್ವಾಸಕೋಶ ಕ್ಯಾನ್ಸರಿನ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ರೋಗಿ ಐವತ್ತು ದಾಟಿದ ಮಹಿಳೆ, ಶಿಕ್ಷಕಿ. ಎಂದೂ ಸಿಗರೇಟು ಸೇದಿದವರಲ್ಲ. (ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಲಾಗಿದೆ.) ಮೂರು ತಿಂಗಳಿಂದ ಒಣಕೆಮ್ಮು, ಸೊಂಟದ ಮೇಲ್ಭಾಗದಲ್ಲಿ ರಾತ್ರಿ ಹೆಚ್ಚಾಗುವ ನೋವು, ಆರು ಕಿಲೋ ತೂಕ ಇಳಿಕೆ. ಎರಡು ಸುತ್ತು ಆ್ಯಂಟಿಬಯಾಟಿಕ್ ಆದ ಮೇಲೂ ಕೆಮ್ಮು ನಿಲ್ಲದಿದ್ದಾಗ 2022ರ ಜನವರಿಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 4.1 ಸೆಂ.ಮೀ. ಗಡ್ಡೆ, ಬಲಬದಿಯ ಪ್ಲೂರಾದಲ್ಲಿ (ಶ್ವಾಸಕೋಶದ ಹೊದಿಕೆಯಲ್ಲಿ) ನೀರು, ಸೊಂಟದ ಎರಡನೇ ಕಶೇರುಕದಲ್ಲಿ ಕಲೆ, ಮೂತ್ರಪಿಂಡದ ಮೇಲಿರುವ ಎಡ ಅಡ್ರಿನಲ್ ಗ್ರಂಥಿಯಲ್ಲಿ 2 ಸೆಂ.ಮೀ. ಗಂಟು. ಮೆದುಳಿನ ಎಂಆರ್‌ಐಯಲ್ಲಿ ಏಳು ಸಣ್ಣ ಚುಕ್ಕೆಗಳಿದ್ದವು. ದೊಡ್ಡದು 8 ಮಿ.ಮೀ. ತಲೆನೋವು, ಫಿಟ್ಸ್ ಯಾವುದೂ ಇರಲಿಲ್ಲ. ಒಟ್ಟಿನಲ್ಲಿ ನಾಲ್ಕನೇ ಹಂತ.

ಇಪ್ಪತ್ತು ವರ್ಷ ಹಿಂದೆ ಈ ಹಂತದಲ್ಲಿ ವೈದ್ಯರ ಕೈಯಲ್ಲಿ ಇದ್ದದ್ದು ಕೀಮೋ ಒಂದೇ. ನಾಲ್ಕು ಬಗೆಯ ಕೀಮೋ ಜೋಡಿಗಳನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್ ಪ್ರಯೋಗದಲ್ಲಿ ಯಾವ ಜೋಡಿಯೂ ಮತ್ತೊಂದಕ್ಕಿಂತ ಮೇಲಾಗಲಿಲ್ಲ. ಮೀಡಿಯನ್ ಬದುಕು, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 7.9 ತಿಂಗಳು. 2004ರಲ್ಲಿ, ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಇಜಿಎಫ್‌ಆರ್ ಜೀನಿನಲ್ಲಿ ಗಡ್ಡೆಯನ್ನು ಬೆಳೆಸುವ ಬದಲಾವಣೆಗಳು ಪತ್ತೆಯಾದವು. ಅದೇ ಜೀನಿನ ದೋಷವಿರುವವರಿಗೆ ಒಸಿಮರ್ಟಿನಿಬ್ ಮಾತ್ರೆಯನ್ನು ಮೊದಲ ಚಿಕಿತ್ಸೆಯಾಗಿ ಕೊಟ್ಟ ಫ್ಲೌರಾ ಪ್ರಯೋಗದಲ್ಲಿ ಮೀಡಿಯನ್ ಬದುಕು 38.6 ತಿಂಗಳಿಗೆ ಬಂತು. ಹಳೆಯ ಮಾತ್ರೆಗಳ ಗುಂಪಿನಲ್ಲಿ ಅದು 31.8. ಈ ಅಂಕಿಗಳು ಓದಲು ಹಿತವಾಗಿವೆ. ಆದರೆ ಅವು ಪ್ರಯೋಗಕ್ಕೆ ಸೇರಿಸಿಕೊಂಡ ದಿನದಿಂದ, ಅಂದರೆ ಜೀನ್ ವರದಿ ಕೈಗೆ ಬಂದ ಮೇಲಿನಿಂದ, ಎಣಿಸಿದವು. ಈ ಪ್ರಕರಣದಲ್ಲಿ ಅತಿ ಹೆಚ್ಚು ಅಪಾಯವಿದ್ದದ್ದು ಆ ವರದಿ ಬರುವ ಮೊದಲಿನ ಐದು ವಾರಗಳಲ್ಲಿ.

ಸ್ಯಾಂಪಲ್ ಹಾಳಾದ ಬಗೆ

ಶ್ವಾಸಕೋಶದ ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ನೋವೂ ಬೆನ್ನಿನಲ್ಲೇ ಇದ್ದುದರಿಂದ ಐದನೇ ದಿನ ಕಶೇರುಕದಿಂದಲೇ ಬಯಾಪ್ಸಿ ತೆಗೆಯಲಾಯಿತು. ಏಳನೇ ದಿನ ಉಸಿರಾಟ ಹಗುರವಾಗಲೆಂದು ಎದೆಯಿಂದ 1.2 ಲೀಟರ್ ನೀರು ತೆಗೆದರು. ಅದರಲ್ಲಿ 20 ಮಿ.ಲೀ. ಮಾತ್ರ ಸೈಟಾಲಜಿಗೆ (ಕೋಶಗಳ ಪರೀಕ್ಷೆಗೆ) ಹೋಯಿತು, ಉಳಿದದ್ದನ್ನು ಚೆಲ್ಲಲಾಯಿತು. ಆಗ ಅದು ಯಾರಿಗೂ ತಪ್ಪು ಎನಿಸಲಿಲ್ಲ, ಏಕೆಂದರೆ ಬಯಾಪ್ಸಿ ಆಗಲೇ ಆಗಿತ್ತು.

ಹನ್ನೆರಡನೇ ದಿನ ವರದಿ ಬಂತು: ಅಡಿನೊಕಾರ್ಸಿನೋಮ (ಗ್ರಂಥಿಕೋಶಗಳ ಬಗೆಯ ಕ್ಯಾನ್ಸರ್), ಟಿಟಿಎಫ್-1 ಪಾಸಿಟಿವ್, ಅಂದರೆ ಶ್ವಾಸಕೋಶದಿಂದಲೇ ಹೊರಟದ್ದು. ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಜೀನ್ ಪರೀಕ್ಷೆಗೆ ಹೋಯಿತು. ಹದಿನೈದನೇ ದಿನ ಪಿಡಿ-ಎಲ್1 (ರೋಗನಿರೋಧಕ ಶಕ್ತಿಯನ್ನು ತಡೆಯುವ, ಗಡ್ಡೆಯ ಕೋಶಗಳ ಮೇಲಿನ ಪ್ರೋಟೀನು) ಶೇಕಡಾ 70 ಎಂಬ ವರದಿ. ಇಪ್ಪತ್ನಾಲ್ಕನೇ ದಿನ ಜೀನ್ ಲ್ಯಾಬಿನಿಂದ ಬಂದದ್ದು ಒಂದೇ ಸಾಲು: ಡಿಎನ್‌ಎ ಪರೀಕ್ಷೆಗೆ ಯೋಗ್ಯವಾಗಿಲ್ಲ.

ಮೂಳೆಯನ್ನು ಮೈಕ್ರೋಸ್ಕೋಪಿಗೆ ತೆಳ್ಳಗೆ ಕೊಯ್ಯಬೇಕಾದರೆ ಮೊದಲು ಅದರ ಸುಣ್ಣದಂಶ ತೆಗೆಯಬೇಕು. ಪ್ರಬಲ ಆಮ್ಲದಲ್ಲಿಟ್ಟರೆ ಕೆಲವೇ ಗಂಟೆಗಳಲ್ಲಿ ಮೆತ್ತಗಾಗುತ್ತದೆ, ಜೀವಕೋಶದ ಆಕಾರವೂ ರೋಗ ಗುರುತಿಸಲು ಸಾಕಾಗುವಷ್ಟು ಉಳಿಯುತ್ತದೆ. ಆದರೆ ಆಮ್ಲ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಇಡಿಟಿಎ ದ್ರಾವಣ ದಿನಗಟ್ಟಲೆ ಹಿಡಿದರೂ ಡಿಎನ್‌ಎಗೆ ಹಾನಿ ಮಾಡುವುದಿಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿದ್ದ ಕಾಲಕ್ಕೆ ಆಮ್ಲವೇ ಸರಿಯಾದ ಆಯ್ಕೆ. ಔಷಧ ಮುಂದೆ ಹೋಗಿದೆ, ಮೂಳೆ ಮೆತ್ತಗಾಗಿಸುವ ಪದ್ಧತಿ ಹಿಂದೆಯೇ ನಿಂತಿದೆ. ಇಂಥ ಕಡೆಯೇ ರೋಗಿ ವಾರಗಳನ್ನು ಕಳೆದುಕೊಳ್ಳುವುದು. ಬಯಾಪ್ಸಿ ಫಾರ್ಮಿನಲ್ಲಿ ‘ಜೀನ್ ಪರೀಕ್ಷೆ ಬೇಕಾಗುತ್ತದೆ, ಆಮ್ಲ ಬೇಡ’ ಎಂದು ಬರೆದಿದ್ದರೆ ಸಾಕಿತ್ತು. ಯಾರೂ ಬರೆದಿರಲಿಲ್ಲ.

ಇಪ್ಪತ್ತೈದನೇ ದಿನ ಒಟ್ಟಿಗೆ ಎರಡು ಕೆಲಸ ಆದವು. ಎದೆಯಲ್ಲಿ ಮತ್ತೆ ನೀರು ತುಂಬಿತ್ತು. ಈ ಸಲ ತೆಗೆದ 700 ಮಿ.ಲೀ. ನೀರನ್ನೂ ಒಂದು ಹನಿ ಬಿಡದೆ ಪೆಥಾಲಜಿಗೆ ಕಳಿಸಿ, ತಿರುಗಿಸಿ, ತಳದಲ್ಲಿ ನಿಂತ ಕೋಶಗಳಿಂದ ಸೆಲ್ ಬ್ಲಾಕ್ ಮಾಡಿಸಲಾಯಿತು. ಜೊತೆಗೆ ಡಿಎನ್‌ಎ ಕೆಡದಂತೆ ಕಾಯುವ ವಿಶೇಷ ಟ್ಯೂಬ್‌ಗಳಲ್ಲಿ 10 ಮಿ.ಲೀ.ಯಂತೆ ಎರಡು ಟ್ಯೂಬ್ ರಕ್ತ. ಈ ಟ್ಯೂಬನ್ನು ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು, ಫ್ರಿಜ್ಜಿನಲ್ಲಿ ಇಡಬಾರದು. ರಕ್ತವನ್ನು ಕೀಮೋಗೆ ಮೊದಲೇ ತೆಗೆದದ್ದೂ ಬೇಕೆಂದೇ. ಕೀಮೋ ಕೆಲಸ ಮಾಡತೊಡಗಿದರೆ ರಕ್ತಕ್ಕೆ ಸೇರುವ ಗಡ್ಡೆಯ ಡಿಎನ್‌ಎ ಕಡಿಮೆಯಾಗಿ, ಇರುವ ದೋಷವೂ ಕಾಣದೇ ಹೋಗಬಹುದು.

ಕೊಡಬಹುದಾಗಿದ್ದೂ ಕೊಡದ ಔಷಧ

ಇಪ್ಪತ್ತೆಂಟನೇ ದಿನ ಅವರಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಕ್ಸಿಜನ್ ಮಟ್ಟ 91. ಸ್ನಾನಕ್ಕೂ ಒಬ್ಬರ ಆಸರೆ ಬೇಕಿತ್ತು. ಜೀನ್ ವರದಿ ಇನ್ನೂ ಬಂದಿರಲಿಲ್ಲ. ಕೈಯಲ್ಲಿದ್ದದ್ದು ಪಿಡಿ-ಎಲ್1 ಶೇಕಡಾ 70 ಎಂಬ ಆಕರ್ಷಕ ಅಂಕಿ. ಆ ಅಂಕಿ ನೋಡಿದರೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ (ಆ ತಡೆ ತೆಗೆದು ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಔಷಧ) ಕೊಡುವುದು ಸಹಜ, ಒಂದರ್ಥದಲ್ಲಿ ಆಧುನಿಕವೂ ಹೌದು. ತಂಡದಲ್ಲಿ ಇಬ್ಬರ ಅಭಿಪ್ರಾಯ ಅದೇ ಇತ್ತು. ಕುಟುಂಬದ ಒತ್ತಾಯವೂ ಅದೇ: ಹೊಸ ಔಷಧ ಇದೆ ಎಂದ ಮೇಲೆ ಕಾಯುವುದೇಕೆ?

ಇನ್ನೊಂದು ಪಕ್ಷದ ವಾದಕ್ಕೆ ಎರಡು ಆಧಾರಗಳಿದ್ದವು. ಧೂಮಪಾನ ಮಾಡದ ಅಡಿನೊಕಾರ್ಸಿನೋಮ ರೋಗಿಯಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ಎಂಬ ಇನ್ನೊಂದು ಜೀನಿನ ದೋಷ ಸಿಗುವ ಸಾಧ್ಯತೆ ಹೆಚ್ಚು. ಇಜಿಎಫ್‌ಆರ್ ದೋಷ ಇದ್ದರೆ ಪಿಡಿ-ಎಲ್1 ಎಷ್ಟೇ ಇರಲಿ ಇಮ್ಯುನೊಥೆರಪಿ ಒಂದೇ ಕೊಟ್ಟರೆ ಸಾಮಾನ್ಯವಾಗಿ ಫಲಿಸುವುದಿಲ್ಲ. ಇಂಥ ರೋಗಿಗಳಿಗೆ ಪೆಂಬ್ರೊಲಿಜುಮಾಬನ್ನೇ ಮೊದಲು ಕೊಟ್ಟು ನೋಡಿದ ಸಣ್ಣ ಪ್ರಯೋಗವೊಂದನ್ನು 11 ಜನರಿಗೇ ನಿಲ್ಲಿಸಬೇಕಾಯಿತು. ಅದು 2018ರಲ್ಲಿ ಪ್ರಕಟವಾಯಿತು. ಎರಡನೆಯದು ಇನ್ನೂ ಗಂಭೀರ. ಇಮ್ಯುನೊಥೆರಪಿ ಕೊಟ್ಟ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟವರಲ್ಲಿ ಶ್ವಾಸಕೋಶದ ಉರಿಯೂತದಂಥ ತೀವ್ರ ತೊಂದರೆಗಳು ಹೆಚ್ಚು ಎಂದು 2019ರ ಅಧ್ಯಯನವೊಂದು ತೋರಿಸಿತ್ತು: 41 ಜನರಲ್ಲಿ 6 ಮಂದಿಗೆ, ಮೂರು ತಿಂಗಳೊಳಗೆ ಈ ಮಾತ್ರೆಗೆ ಬದಲಾದ 21 ಜನರನ್ನಷ್ಟೇ ನೋಡಿದರೆ 5 ಮಂದಿಗೆ. ಇಮ್ಯುನೊಥೆರಪಿಯ ಔಷಧ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಆಗಲೇ ಅರ್ಧ ಶ್ವಾಸಕೋಶದಲ್ಲಿ ಉಸಿರಾಡುತ್ತಿದ್ದವರಿಗೆ ಆ ಉರಿಯೂತ ಬಂದರೆ ತಡೆದುಕೊಳ್ಳುವ ಶಕ್ತಿ ಇರುತ್ತಿರಲಿಲ್ಲ.

ಹಾಗೆಂದು ಬರಿಗೈಯಲ್ಲಿ ಕಾಯುವಂತೆಯೂ ಇರಲಿಲ್ಲ. ಕೊನೆಗೆ ಒಪ್ಪಿದ್ದು ನಡುದಾರಿ: ಇಮ್ಯುನೊಥೆರಪಿ ಬಿಟ್ಟು ಕೀಮೋ ಮಾತ್ರ ಒಂದು ಸೈಕಲ್. ಕಾರ್ಬೊಪ್ಲಾಟಿನ್ ಎಯುಸಿ 5 (ಮೂತ್ರಪಿಂಡದ ಶಕ್ತಿ ನೋಡಿ ಲೆಕ್ಕ ಹಾಕುವ ಪ್ರಮಾಣ), ಪೆಮೆಟ್ರೆಕ್ಸೆಡ್ ಚದರ ಮೀಟರಿಗೆ 500 ಮಿ.ಗ್ರಾಂ. ಇದಕ್ಕೆ ಬೇಕಾದ ತಯಾರಿಯನ್ನು ವಾರದ ಹಿಂದೆಯೇ ಒಬ್ಬರು ಮುಂದಾಲೋಚನೆಯಿಂದ ಶುರು ಮಾಡಿದ್ದರು: ಬಿ12 1000 ಮೈಕ್ರೋಗ್ರಾಂ ಚುಚ್ಚುಮದ್ದು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಇವಿಲ್ಲದೆ ಪೆಮೆಟ್ರೆಕ್ಸೆಡ್ ಕೊಟ್ಟರೆ ರಕ್ತಕಣಗಳು ಕುಸಿಯುತ್ತವೆ, ಬಾಯಿ ಹುಣ್ಣಾಗುತ್ತದೆ. ಎದೆಯ ನೀರು ತೆಗೆದಿದ್ದೂ ಇಲ್ಲಿ ಉಪಯೋಗಕ್ಕೆ ಬಂತು. ನೀರು ತುಂಬಿದ್ದರೆ ಈ ಔಷಧ ಅದರಲ್ಲಿ ಕೂಡಿಕೊಂಡು ನಿಧಾನವಾಗಿ ಹೊರಬರುತ್ತ ವಿಷಪರಿಣಾಮ ಹೆಚ್ಚಿಸಬಹುದು. ಇಪ್ಪತ್ತೊಂಬತ್ತನೇ ದಿನ ಕೀಮೋ ಆಯಿತು. ಬೆನ್ನುಮೂಳೆಗೆ 8 ಗ್ರೇ ರೇಡಿಯೇಷನ್ ಒಂದೇ ಸಲ ಕೊಟ್ಟರು.

ಮೂವತ್ತನಾಲ್ಕನೇ ದಿನ ರಕ್ತದ ವರದಿ: ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನಿನ ಒಂದು ಸಣ್ಣ ತುಂಡು ಕಳೆದುಹೋದ ದೋಷ. ರಕ್ತಕಣಗಳ ಎಣಿಕೆ, ಇಸಿಜಿ, ಎಕೋ ನೋಡಿಕೊಂಡು ಮೂವತ್ತೇಳನೇ ದಿನ ಒಸಿಮರ್ಟಿನಿಬ್ 80 ಮಿ.ಗ್ರಾಂ ದಿನಕ್ಕೊಂದು ಮಾತ್ರೆ ಶುರುವಾಯಿತು. ಸೆಲ್ ಬ್ಲಾಕ್ ವರದಿ ಮಾತ್ರೆ ಶುರುವಾದ ಎರಡು ದಿನಕ್ಕೆ ಬಂತು. ಅದರಲ್ಲೂ ಅದೇ ದೋಷ. ಜೊತೆಗೆ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಟಿಪಿ53 ಮತ್ತು ಆರ್‌ಬಿ1 ಜೀನ್‌ಗಳೆರಡರಲ್ಲೂ ಬದಲಾವಣೆ. ಮಾತ್ರೆ ಆಗಲೇ ಶುರುವಾಗಿದ್ದರಿಂದ ಈ ಕೊನೆಯ ಸಾಲನ್ನು ಯಾರೂ ಎರಡನೇ ಸಲ ಓದಲಿಲ್ಲ.

ಚೆನ್ನಾಗಿ ನಡೆದ ತಿಂಗಳುಗಳು

ಹತ್ತು ದಿನದಲ್ಲಿ ಕೆಮ್ಮು ಇಳಿಯಿತು. ಎಂಟನೇ ವಾರದ ಸ್ಕ್ಯಾನಿನಲ್ಲಿ ಗಡ್ಡೆ 1.8 ಸೆಂ.ಮೀ.ಗೆ ಇಳಿದಿತ್ತು, ನೀರು ಮತ್ತೆ ತುಂಬಿರಲಿಲ್ಲ. ಮೆದುಳಿನ ವಿಷಯದಲ್ಲಿ ಒಂದು ನಿರ್ಧಾರ ಹೇಳಲೇಬೇಕು. ಏಳು ಚುಕ್ಕೆಗಳಿದ್ದರೆ ಹಿಂದೆ ಇಡೀ ಮೆದುಳಿಗೆ ರೇಡಿಯೇಷನ್ ಕೊಡುವುದು ವಾಡಿಕೆ. ಅದರಿಂದ ನೆನಪಿನ ಶಕ್ತಿ ಕುಂದುತ್ತದೆ. ಒಸಿಮರ್ಟಿನಿಬ್ ಮೆದುಳಿನೊಳಕ್ಕೆ ಚೆನ್ನಾಗಿ ಹೋಗುವ ಮಾತ್ರೆ. ಚುಕ್ಕೆಗಳು ಸಣ್ಣವು, ಲಕ್ಷಣಗಳಿಲ್ಲ. ಹಾಗಾಗಿ ರೇಡಿಯೇಷನ್ ತಡೆಹಿಡಿದು ಆರು ವಾರಕ್ಕೆ ಎಂಆರ್‌ಐ ಮಾಡಿಸಿದರು: ಐದು ಚುಕ್ಕೆ ಮಾಯ, ಎರಡು ಕುಗ್ಗಿದ್ದವು. ಮುಂದೆ ಮೂರು ತಿಂಗಳಿಗೊಮ್ಮೆ ನೋಡುವುದೆಂದಾಯಿತು. ನಾಲ್ಕನೇ ತಿಂಗಳಿಗೆ ಅವರು ಮತ್ತೆ ತರಗತಿಯಲ್ಲಿ ನಿಂತು ಪಾಠ ಮಾಡುತ್ತಿದ್ದರು. ಪಾಠ ಹೇಳುವವರಿಗೆ ನೆನಪು ಉಳಿಯುವುದು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಮಾತ್ರೆಯ ಕಿರಿಕಿರಿಗಳೂ ಇದ್ದವು. ಭೇದಿಗೆ ಲೋಪೆರಮೈಡ್, ಉಗುರಿನ ಅಂಚು ಬಾತು ಕೀವಾದದ್ದಕ್ಕೆ ಆ್ಯಂಟಿಸೆಪ್ಟಿಕ್ ನೀರಲ್ಲಿ ಬೆರಳು ನೆನೆಸುವುದು, ಉಗುರನ್ನು ಮೂಲೆಗೆ ಒತ್ತಿ ಕತ್ತರಿಸದಿರುವುದು. ಆರನೇ ತಿಂಗಳಲ್ಲಿ ನರ್ಸ್ ಮಾತ್ರೆ ಎಣಿಸಿದಾಗ ಒಂಬತ್ತು ಹೆಚ್ಚಿಗೆ ಉಳಿದಿದ್ದವು. ಭೇದಿ ತಾಳಲಾರದೆ ಯಾರಿಗೂ ಹೇಳದೆ ದಿನ ಬಿಟ್ಟು ದಿನ ನುಂಗಿದ್ದರು. ಪ್ರಮಾಣ ಇಳಿಸುವುದಾದರೆ ದಿನಕ್ಕೆ 40 ಮಿ.ಗ್ರಾಂ ಮಾಡುವ ದಾರಿ ಇದೆ, ದಿನ ಬಿಡುವುದಲ್ಲ ಎಂದು ತಿಳಿಸಿ, ಭೇದಿಗೆ ಚಿಕಿತ್ಸೆ ಸರಿಪಡಿಸಿದ ಮೇಲೆ 80ರಲ್ಲೇ ಮುಂದುವರಿದರು. ಅಂದಿನಿಂದ ಪ್ರತಿ ಭೇಟಿಯಲ್ಲೂ ‘ಮಾತ್ರೆ ತಗೊಳ್ತಿದ್ದೀರಾ’ ಎಂಬ ಪ್ರಶ್ನೆ ಬಿಟ್ಟು, ‘ಎಷ್ಟು ಉಳಿದಿವೆ ಅಮ್ಮಾ’ ಎಂದು ಕೇಳತೊಡಗಿದರು. ಮೊದಲನೆಯದಕ್ಕೆ ಎಲ್ಲರೂ ಹೌದೆನ್ನುತ್ತಾರೆ.

ಒಂದೇ ಕಡೆ ಬೆಳೆದ ಗಂಟು

ಹದಿನಾರನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲವೂ ಶಾಂತ, ಎಡ ಅಡ್ರಿನಲ್ ಗಂಟು ಮಾತ್ರ 1.1ರಿಂದ 2.9 ಸೆಂ.ಮೀ.ಗೆ ಬೆಳೆದಿತ್ತು. ಹೀಗೆ ಒಂದೇ ಜಾಗದಲ್ಲಿ ರೋಗ ತಲೆಯೆತ್ತಿದಾಗ ಫಲಿಸುತ್ತಿರುವ ಮಾತ್ರೆಯನ್ನು ಬದಲಿಸುವುದಿಲ್ಲ. ಅಷ್ಟಕ್ಕೆ ನಿಖರ ರೇಡಿಯೇಷನ್ ಕೊಟ್ಟು ಮಾತ್ರೆ ಮುಂದುವರಿಸುತ್ತಾರೆ. ಇಲ್ಲೂ ಹಾಗೆಯೇ ಎಸ್‌ಬಿಆರ್‌ಟಿ ಎಂಬ ಆ ನಿಖರ ರೇಡಿಯೇಷನ್ ಐದು ಸಲ ಆಯಿತು. ರಕ್ತದಲ್ಲಿ ಹೊಸ ಜೀನ್ ದೋಷ ಕಾಣಲಿಲ್ಲ. ಅಡ್ರಿನಲ್‌ಗೆ ಸೂಜಿ ಹಾಕಿ ತುಣುಕು ತೆಗೆಯುವ ಮಾತು ಬಂದಿತ್ತು. ರೋಗಿ ಚೆನ್ನಾಗಿದ್ದಾರೆ, ಸುಮ್ಮನೆ ನೋವೇಕೆ ಎಂದು ಕೈಬಿಟ್ಟರು.

ಇಪ್ಪತ್ತೊಂದನೇ ತಿಂಗಳು, 2023ರ ಕೊನೆಯ ಭಾಗ. ಆ ಹೊತ್ತಿಗೆ ಫ್ಲೌರಾ2 ಪ್ರಯೋಗದ ಫಲಿತಾಂಶ ಹೊರಬಂದಿತ್ತು: ಒಸಿಮರ್ಟಿನಿಬ್ ಜೊತೆಗೆ ಮೊದಲಿನಿಂದಲೇ ಕೀಮೋ ಕೊಟ್ಟರೆ ರೋಗ ಮರಳುವ ಮೊದಲಿನ ಅವಧಿ 16.7ರಿಂದ 25.5 ತಿಂಗಳಿಗೆ ಏರುತ್ತದೆ. ಮಗಳು ಅದನ್ನು ಓದಿಕೊಂಡು ಬಂದು ಕೇಳಿದಳು: “ಡಾಕ್ಟ್ರೇ, ಅಮ್ಮನಿಗೂ ಈಗ ಕೀಮೋ ಸೇರಿಸಬಹುದಲ್ವಾ?” ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ಅರ್ಧ ಗಂಟೆ ಬೇಕಾಯಿತು. ಆ ಪ್ರಯೋಗ ಪರೀಕ್ಷಿಸಿದ್ದು ಎರಡನ್ನೂ ಒಟ್ಟಿಗೆ ಶುರು ಮಾಡುವುದನ್ನು. ಇಪ್ಪತ್ತು ತಿಂಗಳು ಮಾತ್ರೆಯಲ್ಲಿ ಚೆನ್ನಾಗಿರುವವರಿಗೆ ನಡುವೆ ಕೀಮೋ ಸೇರಿಸುವುದನ್ನಲ್ಲ. ಜೋಡಿ ಚಿಕಿತ್ಸೆಯಲ್ಲಿ ತೀವ್ರ ಅಡ್ಡಪರಿಣಾಮ ಶೇಕಡಾ 64 ಜನರಿಗೆ, ಮಾತ್ರೆ ಒಂದರಲ್ಲಿ ಶೇಕಡಾ 27. ಸೇರಿಸಲಿಲ್ಲ. ಇದೇ ರೋಗಿ ಇಂದು ಮೊದಲ ಬಾರಿ ಬಂದಿದ್ದರೆ, ಮೆದುಳಿಗೆ ಹರಡಿದ ರೋಗ ಮತ್ತು ಟಿಪಿ53 ಬದಲಾವಣೆ ನೋಡಿ, ಆ ಮೊದಲ ಸೈಕಲ್ ಕೀಮೋವನ್ನು ನಿಲ್ಲಿಸದೆ ಮುಂದುವರಿಸುವುದರ ಕಡೆಗೇ ತಂಡ ವಾಲುತ್ತಿತ್ತು. ಎರಡು ವರ್ಷದ ಅಂತರದಲ್ಲಿ ಸರಿಯಾದ ಉತ್ತರವೇ ಬದಲಾಗಿದೆ. 2022ರ ನಿರ್ಧಾರವನ್ನು 2022ರ ತಿಳಿವಳಿಕೆಯಲ್ಲೇ ಅಳೆಯಬೇಕು. ಕುಟುಂಬಕ್ಕೂ ಹಾಗೆಯೇ ಹೇಳಲಾಯಿತು, ಏಕೆಂದರೆ ಮಗಳ ಪ್ರಶ್ನೆಯ ಹಿಂದೆ ‘ನಾವು ಏನನ್ನೋ ತಪ್ಪಿಸಿಕೊಂಡೆವಾ’ ಎಂಬ ಅಳುಕಿತ್ತು.

ಸೋಡಿಯಂ 124

ಇಪ್ಪತ್ತೈದನೇ ತಿಂಗಳಲ್ಲಿ ವಿಪರೀತ ಸುಸ್ತು, ಬಲ ಪಕ್ಕೆಯಡಿ ಭಾರ. ಎಂಟು ವಾರದ ಹಿಂದೆ ಸ್ವಚ್ಛವಾಗಿದ್ದ ಪಿತ್ತಜನಕಾಂಗದ ತುಂಬ ಗಂಟುಗಳು. ರಕ್ತದ ಜೀನ್ ಪರೀಕ್ಷೆಯಲ್ಲಿ ಹಳೆಯ ಎಕ್ಸಾನ್ 19 ದೋಷ ಇತ್ತು. ಒಸಿಮರ್ಟಿನಿಬ್‌ಗೆ ಜಗ್ಗದಂತೆ ಮಾಡುವ ಸಿ797ಎಸ್ ಆಗಲಿ, ಎಂಇಟಿ ಜೀನಿನ ಹೆಚ್ಚಳವಾಗಲಿ ಇಲ್ಲ. ಆ ವರದಿಯೊಂದನ್ನೇ ಹಿಡಿದು ಮುಂದಿನ ಹೊಸ ಔಷಧದ ಮಾತು ಶುರುವಾಗಿತ್ತು.

ತಡೆದದ್ದು ಸಾಮಾನ್ಯ ರಕ್ತ ಪರೀಕ್ಷೆಯ ಒಂದು ಅಂಕಿ: ಸೋಡಿಯಂ 124. ವಾಂತಿ ಇಲ್ಲ, ಮೂತ್ರದ ಮಾತ್ರೆ ಇಲ್ಲ. ಕೋಶಗಳು ವೇಗವಾಗಿ ಬೆಳೆದು ಸಾಯುವಾಗ ರಕ್ತದಲ್ಲಿ ಏರುವ ಎಲ್‌ಡಿಎಚ್ ಮೂರು ಪಟ್ಟು ಏರಿತ್ತು. ಇಷ್ಟು ವೇಗದ ಬೆಳವಣಿಗೆ, ಕಾರಣವಿಲ್ಲದೆ ಇಳಿದ ಸೋಡಿಯಂ ಎರಡೂ ಸೇರಿದರೆ ಸ್ಮಾಲ್ ಸೆಲ್ ಎಂಬ, ಬೇಗ ಹರಡುವ ಬೇರೆ ಬಗೆಯ ಶ್ವಾಸಕೋಶ ಕ್ಯಾನ್ಸರಿನ ನೆನಪಾಗಬೇಕು; ಆ ಕೋಶಗಳು ನೀರನ್ನು ಹಿಡಿದಿಡುವ ಹಾರ್ಮೋನು ಸುರಿಸುತ್ತವೆ. ಹಳೆಯ ಕಡತ ತೆಗೆದಾಗ ಟಿಪಿ53, ಆರ್‌ಬಿ1 ಸಾಲು ಕಣ್ಣಿಗೆ ಬಿತ್ತು. ಇವೆರಡೂ ಬದಲಾಗಿರುವ ಇಜಿಎಫ್‌ಆರ್ ರೋಗಿಗಳಲ್ಲಿ ಗಡ್ಡೆ ಸ್ಮಾಲ್ ಸೆಲ್ ಆಗಿ ಮಾರ್ಪಡುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ರಕ್ತದ ಪರೀಕ್ಷೆ ಡಿಎನ್‌ಎಯ ಅಕ್ಷರ ಓದುತ್ತದೆ, ಕೋಶದ ರೂಪವನ್ನು ತೋರಿಸುವುದಿಲ್ಲ. ಅದಕ್ಕೆ ತುಣುಕೇ ಬೇಕು.

ಪಿತ್ತಜನಕಾಂಗದ ಬಯಾಪ್ಸಿ ನಾಲ್ಕು ದಿನದಲ್ಲಿ ಬಂತು: ಸ್ಮಾಲ್ ಸೆಲ್, ಅದರ ಗುರುತಾದ ಸಿನಾಪ್ಟೊಫೈಸಿನ್ ಪಾಸಿಟಿವ್, ವಿಭಜಿಸುತ್ತಿರುವ ಕೋಶಗಳ ಪಾಲು ತೋರಿಸುವ ಕೆಐ-67 ಶೇಕಡಾ 90. ಅದರಲ್ಲೂ ಅದೇ ಎಕ್ಸಾನ್ 19 ದೋಷ, ಅಂದರೆ ಬೇರೆ ಕ್ಯಾನ್ಸರ್ ಅಲ್ಲ, ಹಳೆಯದೇ ವೇಷ ಬದಲಿಸಿತ್ತು. ಕಾರ್ಬೊಪ್ಲಾಟಿನ್ ಎಯುಸಿ 5 ಮೊದಲ ದಿನ, ಎಟೊಪೊಸೈಡ್ ಚದರ ಮೀಟರಿಗೆ 100 ಮಿ.ಗ್ರಾಂ ಮೂರು ದಿನ, 21 ದಿನಕ್ಕೊಮ್ಮೆ, ನಾಲ್ಕು ಸೈಕಲ್. ಮಾರ್ಪಡದೆ ಉಳಿದ ಕೋಶಗಳನ್ನೂ ಮೆದುಳನ್ನೂ ಹದ್ದುಬಸ್ತಿನಲ್ಲಿಡಲು ಒಸಿಮರ್ಟಿನಿಬ್ ಬಿಡಲಿಲ್ಲ. ಎರಡು ಸೈಕಲ್ ಕಳೆಯುವಷ್ಟರಲ್ಲಿ ಗಂಟುಗಳು ಅರ್ಧಕ್ಕಿಳಿದವು, ಸೋಡಿಯಂ 136ಕ್ಕೆ ಬಂತು. ಬೇಸಿಗೆ ಸುಖವಾಗಿ ಕಳೆಯಿತು.

ಮೂವತ್ತೊಂದನೇ ತಿಂಗಳಲ್ಲಿ ರೋಗ ಮರಳಿತು. ಆ ವರ್ಷದ, ಅಂದರೆ 2024ರ, ಮೇ ತಿಂಗಳಲ್ಲಷ್ಟೇ ಅಮೆರಿಕದಲ್ಲಿ ಸ್ಮಾಲ್ ಸೆಲ್ ಕ್ಯಾನ್ಸರಿಗೆ ಟಾರ್ಲಟಮಾಬ್ ಎಂಬ ಹೊಸ ಬಗೆಯ ಔಷಧಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದರ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಯಿತು. ಹೀಗೆ ಮಾರ್ಪಟ್ಟ ಗಡ್ಡೆಯಲ್ಲಿ ಆಗ ಅದರ ಅನುಭವ ತೀರ ಕಡಿಮೆ, ಮೊದಲ ಡೋಸ್‌ಗಳಿಗೆ ಆಸ್ಪತ್ರೆಯಲ್ಲಿ ಉಳಿಯಬೇಕಿತ್ತು, ಅವರಾದರೋ ದಿನದ ಹೆಚ್ಚು ಹೊತ್ತು ಹಾಸಿಗೆಯಲ್ಲೇ. “ನನಗೆ ಮನೆಯಲ್ಲಿರಬೇಕು” ಎಂದರು. ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ ತಂಡ ಎರಡನೇ ತಿಂಗಳಿನಿಂದಲೇ ಅವರನ್ನು ನೋಡಿಕೊಳ್ಳುತ್ತಿತ್ತು, ಹಾಗಾಗಿ ಆ ಮಾತು ಹೇಳಲು ಹೊಸ ಮುಖಗಳ ಮುಂದೆ ಕೂರಬೇಕಾಗಲಿಲ್ಲ. ಇಂಥ ಆರೈಕೆ ಕೊನೆಗಾಲಕ್ಕೆ ಮಾತ್ರ ಎಂದು ಇನ್ನೂ ಎಷ್ಟೋ ಕಡೆ ತಿಳಿಯುತ್ತಾರೆ. 2010ರ ಪ್ರಯೋಗವೊಂದರಲ್ಲಿ ಇದನ್ನು ಮೊದಲೇ ಪಡೆದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳು ಕಡಿಮೆ ಉಗ್ರ ಚಿಕಿತ್ಸೆ ಪಡೆದೂ ಹೆಚ್ಚು ಬದುಕಿದರು, 8.9ರ ಬದಲು 11.6 ತಿಂಗಳು. ಮೂವತ್ತಮೂರನೇ ತಿಂಗಳಲ್ಲಿ ಮನೆಯಲ್ಲೇ ತೀರಿಕೊಂಡರು.

ಪ್ರಕರಣ ಬದಲಿಸಿದ್ದು

ಮೂವತ್ತಮೂರು ತಿಂಗಳು ಎಂಬುದು ಪ್ರಯೋಗದ 38.6ಕ್ಕಿಂತ ಕಡಿಮೆ, ಎರಡು ದಶಕದ ಹಿಂದಿನ 7.9ಕ್ಕಿಂತ ಬಹಳ ಹೆಚ್ಚು. ಅದರಲ್ಲಿ ಇಪ್ಪತ್ತು ತಿಂಗಳು ಅವರು ಕೆಲಸಕ್ಕೆ ಹೋದರು. ಔಷಧ ತನ್ನ ಪಾಲಿನದನ್ನು ಕೊಟ್ಟಿತು. ಸಡಿಲವಾಗಿದ್ದದ್ದು ಔಷಧಕ್ಕೂ ರೋಗಿಗೂ ನಡುವಿನ ಕೊಂಡಿಗಳು, ಬದಲಾವಣೆ ಆದದ್ದೂ ಅಲ್ಲೇ.

ಮೂಳೆ ಬಯಾಪ್ಸಿಯಲ್ಲಿ ಈಗ ಒಂದು ತುಣುಕಾದರೂ ಇಡಿಟಿಎಗೆ ಹೋಗುತ್ತದೆ. ಎದೆಯ ನೀರು ಎಷ್ಟೇ ಇರಲಿ ಪೂರ್ತಿ ಪೆಥಾಲಜಿಗೆ. ಬಯಾಪ್ಸಿ ತೆಗೆದ ದಿನವೇ ರಕ್ತದ ಟ್ಯೂಬೂ ಹೊರಡುತ್ತದೆ. ತುಣುಕಿನ ಪರೀಕ್ಷೆ ಸೋತ ಮೇಲೆ ರಕ್ತ ತೆಗೆಯುವುದಲ್ಲ. ಇದೊಂದರಿಂದಲೇ ಈ ರೋಗಿಗೆ ಇಪ್ಪತ್ತು ದಿನ ಉಳಿಯುತ್ತಿತ್ತು. ಪಿಡಿ-ಎಲ್1 ವರದಿಯ ಕೆಳಗೆ ‘ಇಜಿಎಫ್‌ಆರ್, ಎಎಲ್‌ಕೆ ತಿಳಿಯುವ ತನಕ ಇಮ್ಯುನೊಥೆರಪಿ ಬೇಡ’ ಎಂದು ಅಚ್ಚಾಗಿ ಬರುತ್ತದೆ. ಟಿಪಿ53, ಆರ್‌ಬಿ1 ಎರಡೂ ಇದ್ದವರ ಕಡತದ ಮೊದಲ ಪುಟದಲ್ಲಿ ಕೆಂಪು ಗುರುತು.

ಹೆಚ್ಚು ಚರ್ಚೆಯಾದದ್ದು ಹದಿನಾರನೇ ತಿಂಗಳ ಅಡ್ರಿನಲ್ ಗಂಟು. ಮಾರ್ಪಾಡು ಅಲ್ಲೇ ಶುರುವಾಗಿದ್ದಿರಬಹುದು, ಇಲ್ಲದೆಯೂ ಇರಬಹುದು. ರೇಡಿಯೇಷನ್ ಆದ ಮೇಲೆ ಅದನ್ನು ಕೇಳಲು ತುಣುಕೇ ಉಳಿಯಲಿಲ್ಲ. ಈಗ ಕೆಂಪು ಗುರುತಿರುವವರಲ್ಲಿ ಒಂದೇ ಗಂಟು ಬೆಳೆದರೂ, ಸೂಜಿ ಸುರಕ್ಷಿತವಾಗಿ ತಲುಪುವಂತಿದ್ದರೆ ಮೊದಲು ಬಯಾಪ್ಸಿ, ಅನಂತರ ರೇಡಿಯೇಷನ್.